ಕೆಪಾಸಿಟರ್ ಪದೇ ಪದೇ ಉಬ್ಬುತ್ತಿದೆಯೇ?

ಕೆಪಾಸಿಟರ್ ಮಾರಿದವರನ್ನು ಬಯ್ಯಬೇಡಿ ಸಾರ್, ನನ್ನ ಅನುಮಾನ ಮೋಟಾರುಗಳಿಗೆ ನೀವು ಹೊಸದಾಗಿ ಹಾಕಿಸಿದ ವಿಎಫ್‌ಡಿಗಳ (ವೇಗ ಬದಲಿಸುವ ಡ್ರೈವ್‌ಗಳ) ಮೇಲೆ. ಅವು 50 ಹರ್ಟ್ಸ್ ಜೊತೆಗೆ 250, 350 ಹರ್ಟ್ಸ್‌ನ ಹಾರ್ಮೋನಿಕ್ ಕರೆಂಟನ್ನೂ ಎಳೆಯುತ್ತವೆ. ಆವರ್ತನ ಹೆಚ್ಚಿದಷ್ಟೂ ಕೆಪಾಸಿಟರಿನ ತಡೆ ಕಡಿಮೆ; ಆ ಕರೆಂಟು ಅಲ್ಲಿಗೇ ನುಗ್ಗುತ್ತದೆ. ಟ್ರಾನ್ಸ್‌ಫಾರ್ಮರ್ ಜೊತೆ ಅನುರಣನವೂ ಕೂಡಿಬಂದರಂತೂ ಕೇಳುವುದೇ ಬೇಡ.

ಇದಕ್ಕೆ ಆಕ್ಟಿವ್ ಫಿಲ್ಟರ್ ಒಳ್ಳೆಯ ಮದ್ದೇ. ಲೋಡಿನ ಕರೆಂಟನ್ನು ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಮೂಲಕ ಗಮನಿಸುತ್ತ, ಹಾರ್ಮೋನಿಕ್ಸಿಗೆ ಸರಿಸಮನಾದ ವಿರುದ್ಧ ಕರೆಂಟನ್ನು ಆ ಕ್ಷಣದಲ್ಲೇ ಲೈನಿಗೆ ಬಿಡುತ್ತದೆ. ಆದರೆ ದುಬಾರಿ. ಮೊದಲು ಪವರ್ ಅನಲೈಸರ್ ಇಟ್ಟು ಅಳೆಸಿ, ಡ್ರೈವ್‌ಗಳಿಗೆ ಚೋಕ್ ಹಾಕಿಸಿ. ಉಳಿದ ಹಾರ್ಮೋನಿಕ್ ಆಂಪಿಯರ್ ನೋಡಿ ಫಿಲ್ಟರ್ ಕೊಳ್ಳಿ. ಬರೀ ಕಿಲೋವ್ಯಾಟ್ ಕೇಳಿ ಬೆಲೆ ಹೇಳುವವರಿಗೆ ಟೀ ಕೊಟ್ಟು ಕಳಿಸಿ. ಫಿಲ್ಟರ್ ಚಾಲೂ ಮಾಡುವ ಮುನ್ನ ಕೆಪಾಸಿಟರ್‌ಗಳಿಗೆ ಅನುರಣನ ತಪ್ಪಿಸುವ 7% ಡಿಟ್ಯೂನ್ಡ್ ರಿಯಾಕ್ಟರ್ ಸೇರಿಸಿ. ಆಗ ಅವುಗಳ ಮೇಲಿನ ವೋಲ್ಟೇಜ್ ಏರುತ್ತದೆ, 440 ವೋಲ್ಟಿನ ಹಳೆಯವು ನಡೆಯುವುದಿಲ್ಲ.