ಮನೆಯೊಳಗೇ ಇರಬೇಕಾದ ದಿನಗಳಿಗೆ ಒಂದು ಪುಟ್ಟ ಕೌದಿ

ಜ್ವರ ಇಳಿದಿದೆ, ಆದರೆ ಬೇರೆಯವರಿಗೆ ಸೋಂಕು ತಗಲದಿರಲೆಂದು ಇನ್ನೂ ಕೆಲವು ದಿನ ಕೋಣೆ ಬಿಟ್ಟು ಹೊರಬರುವಂತಿಲ್ಲ. ಊಟ ಬಾಗಿಲ ತನಕ ಬರುತ್ತದೆ, ಮಾತೆಲ್ಲ ಫೋನಿನಲ್ಲೇ. ಓದಲು ಕೂತರೆ ಮನಸ್ಸು ನಿಲ್ಲುವುದಿಲ್ಲ, ಟಿವಿ ನೋಡಿದರೆ ತಲೆ ಭಾರ. ಇಂಥ ಹೊತ್ತಿನಲ್ಲಿ ಕೈಗೊಂದು ಕೆಲಸ ಬೇಕು. ಕಾಲು ಮುರಿದುಕೊಂಡು ಮನೆಯಲ್ಲಿ ಕೂತವರಿಗೂ ಈ ಮಾತು ಸಲ್ಲುತ್ತದೆ.

2020ರ ಮಾರ್ಚ್ 25ರಿಂದ ದೇಶವಿಡೀ 21 ದಿನದ ಲಾಕ್‌ಡೌನ್ ಶುರುವಾದಾಗ ದಾರ, ಬಣ್ಣ, ಮಣಿ ಮಾರುವ ಅಂಗಡಿಗಳೂ ಮುಚ್ಚಿದ್ದವು. ಏನನ್ನೂ ಕೊಂಡು ತರದೆ ಮಾಡಬಹುದಾದ ಕೈಕೆಲಸದ ಬೆಲೆ ಆಗ ತಿಳಿಯಿತು. ಕೌದಿ ಅಂಥದ್ದು. ಧಾರವಾಡ, ಬಾಗಲಕೋಟೆ, ವಿಜಯಪುರದ ಕಡೆಯ ಮನೆಗಳಲ್ಲಿ ಉಟ್ಟು ಸವೆದ ಸೀರೆ, ಧೋತರಗಳೇ ಹೊದಿಕೆಯಾಗುತ್ತವೆ. ಮೊದಲ ಬಾರಿ ಸೂಜಿ ಹಿಡಿಯುವವರಿಗೆ ನಾನು ಹೇಳುವುದು ಸಿದ್ದಿ ಹೆಣ್ಣುಮಕ್ಕಳ ಕ್ರಮ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸುತ್ತ ನೆಲೆಸಿರುವ, ಆಫ್ರಿಕಾ ಮೂಲದ ಈ ಸಮುದಾಯದ ಹೆಂಗಸರು ಕೌದಿಯನ್ನು ಒಂದು ಮೂಲೆಯಿಂದ ಶುರುಮಾಡಿ, ಅಂಚಿನಗುಂಟ ಸುತ್ತುತ್ತಾ ನಡುವಿಗೆ ಬರುತ್ತಾರೆ. ಇಡೀ ವಿನ್ಯಾಸವನ್ನು ಮೊದಲೇ ಬರೆದಿಟ್ಟುಕೊಳ್ಳಬೇಕಿಲ್ಲ, ತುಂಡುಗಳನ್ನು ಅಳೆದು ಒಂದಕ್ಕೊಂದು ಜೋಡಿಸಿ ಇಟ್ಟುಕೊಳ್ಳಬೇಕಿಲ್ಲ. ಮುಂದಿನ ತುಂಡು ಯಾವುದು ಎಂಬುದನ್ನು ಅಲ್ಲಿಗೆ ತಲುಪಿದಾಗ ನಿರ್ಧರಿಸಿದರೆ ಸಾಕು. ನಾಳೆ ಏನೆಂದು ಗೊತ್ತಿಲ್ಲದ ದಿನಗಳಲ್ಲಿ ಇದೊಂದು ದೊಡ್ಡ ಬಿಡುಗಡೆ.

ಹಾಸಿಗೆಯಷ್ಟು ದೊಡ್ಡದಕ್ಕೆ ಈಗಲೇ ಕೈ ಹಾಕಬೇಡಿ. ಕೂಸಿಗೆ ಹೊದಿಸುವಷ್ಟು, 36 ಇಂಚು ಉದ್ದ, 30 ಇಂಚು ಅಗಲದ್ದು ಸಾಕು.

ಹಂತ 1: ಬಟ್ಟೆ ಹುಡುಕಿ

ಪೆಟ್ಟಿಗೆ, ಕಪಾಟು ತೆಗೆದು ನೋಡಿ. ಹತ್ತಿಯ ಹಳೆ ಸೀರೆ, ಲುಂಗಿ, ಪಂಚೆ, ಮಕ್ಕಳಿಗೆ ಗಿಡ್ಡವಾದ ಅಂಗಿ, ರವಿಕೆ ಹೊಲಿಸಿ ಉಳಿದ ಗುಳೇದಗುಡ್ಡದ ಖಣದ ತುಂಡು, ಎಲ್ಲವೂ ಬರುತ್ತದೆ. ನೈಲಾನ್ ಸೀರೆ ಸೂಜಿಗೆ ಸಿಗದೆ ಜಾರುತ್ತದೆ, ಜೀನ್ಸ್ ಬಟ್ಟೆ ಬೆರಳು ನೋಯಿಸುತ್ತದೆ. ಎರಡನ್ನೂ ಈ ಸಲಕ್ಕೆ ಬಿಡಿ. ತೀರಾ ಪಿಸಿದ ಬಟ್ಟೆ ಒಳಪದರಕ್ಕೆ ಆದೀತು, ಮೇಲೆ ಬೇಡ.

ಎಲ್ಲವನ್ನೂ ಒಗೆದು ಒಣಗಿಸಿ. ಕೆಂಪು, ನೀಲಿ ಬಟ್ಟೆಯ ಮೂಲೆಯನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡಿ. ಬಣ್ಣ ಬಿಟ್ಟರೆ ಬಿಡದಾಗುವ ತನಕ ಒಗೆಯಿರಿ, ಇಲ್ಲವೇ ಪಕ್ಕಕ್ಕಿಡಿ.

ಹಂತ 2: ಸೂಜಿ ದಾರ

ಕಣ್ಣು ದೊಡ್ಡದಿರುವ, ಗಟ್ಟಿ ಸೂಜಿ ಎರಡು. ಹತ್ತಿಯ ದಾರ. ಕತ್ತರಿ. ಬೆರಳ ತುದಿಗೆ ಥಿಂಬಲ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಬೆರಳಿಗೆ ದಪ್ಪ ಪಟ್ಟಿ ಸುತ್ತಿಕೊಳ್ಳಿ. ದಾರ ಜೋಡಿ ಎಳೆಯಾಗಿ ಇರಲಿ; ಜೋಡಿ ಮಾಡಿದ ಮೇಲೆ ನಿಮ್ಮ ತೋಳಿಗಿಂತ ಉದ್ದವಾದರೆ ಗಂಟು ಬೀಳುತ್ತದೆ. ಮೇಣದ ಬತ್ತಿಗೆ ಒಮ್ಮೆ ಉಜ್ಜಿಕೊಂಡರೆ ಸಿಕ್ಕಾಗುವುದು ಕಡಿಮೆ.

ಹಂತ 3: ಮಸಿಬಟ್ಟೆಯಲ್ಲಿ ಕೈ ಪಳಗಿಸಿ

ಒಂದು ಗೇಣು ಚೌಕದ ಮೂರು ತುಂಡು ಬಟ್ಟೆ ಒಂದರ ಮೇಲೊಂದು ಇಟ್ಟು ಸಾದಾ ಹೊಲಿಗೆ ಹಾಕಿ: ಸೂಜಿ ಕೆಳಗೆ, ಮೇಲೆ, ಕೆಳಗೆ, ಮೇಲೆ. ಪ್ರತಿ ಹೊಲಿಗೆ ಅಕ್ಕಿ ಕಾಳಿನಷ್ಟಿದ್ದರೆ ಬಲು ಚಂದ, ಸ್ವಲ್ಪ ಉದ್ದವಾದರೂ ಕೆಟ್ಟಿಲ್ಲ. ಪ್ರತಿ ಸಲವೂ ಸೂಜಿ ಮೂರೂ ಪದರ ದಾಟಿತೇ ಎಂದು ತಿರುಗಿಸಿ ನೋಡಿ. ಒಲೆಯ ಮೇಲಿನ ಬಿಸಿ ಪಾತ್ರೆ ಇಳಿಸಲು ಈ ತುಂಡು ಅಡುಗೆಮನೆಗೆ ಹೋಗುತ್ತದೆ.

ಹಂತ 4: ತಳ ಹಾಸಿ

ಸೀರೆಯಿಂದ 38 ಇಂಚು ಉದ್ದ, 32 ಇಂಚು ಅಗಲದ ತುಂಡು ಕತ್ತರಿಸಿ ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸಿ. ಹೊರಬದಿ ಕೆಳಗಿರಲಿ. ಅದರ ಮೇಲೆ ನಡುವಿಗೆ ಸರಿಯಾಗಿ 36ಕ್ಕೆ 30 ಇಂಚಿನ ಒಳಪದರ. ಸೆಕೆಯ ಊರಿಗೆ ಒಂದು ಪದರ, ಚಳಿಯ ಊರಿಗೆ ಎರಡು. ಅದಕ್ಕಿಂತ ಹೆಚ್ಚಾದರೆ ಹೊಸಬರ ಕೈಯಲ್ಲಿ ಸೂಜಿ ಓಡದು. ತಳದ ಬಟ್ಟೆಯ ನಾಲ್ಕೂ ಅಂಚನ್ನು 1 ಇಂಚು ಮೇಲಕ್ಕೆ ಮಡಚಿ ಒಳಪದರದ ಮೇಲೆ ಕೂರಿಸಿ. ಗೇಣಿಗೊಂದು ಸಾಲಿನಂತೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿದರೆ ಪದರಗಳು ಜರುಗವು. ಕೊನೆಗೆ ಇದನ್ನು ಬಿಚ್ಚುತ್ತೇವೆ.

ಹಂತ 5: ಮೂಲೆಯಿಂದ ಹೊರಡಿ

ಕೌದಿಯ ಜೀವ ಇಲ್ಲಿದೆ, ನಿಧಾನವಾಗಿ ಓದಿ.

ಅಂಗೈಯಗಲದ ಒಂದು ತುಂಡನ್ನು ಮೂಲೆಯಲ್ಲಿಡಿ. ಅದರ ಹೊರಗಿನ ಎರಡು ಅಂಚನ್ನು ಅರ್ಧ ಇಂಚು ಒಳಕ್ಕೆ ಮಡಚಿ, ತಳದ ಅಂಚಿಗೆ ಸರಿಹೊಂದಿಸಿ. ದಾರದ ಗಂಟು ತುಂಡಿನ ಅಡಿಯಲ್ಲಿ ಮರೆಯಾಗುವಂತೆ ಸೂಜಿ ಎಬ್ಬಿಸಿ, ಅಂಚಿನಗುಂಟ ಎಲ್ಲ ಪದರ ಹಿಡಿದು ಹೊಲಿಯುತ್ತಾ ಹೋಗಿ. ತುಂಡು ಮುಗಿಯಲು ಬಂದಾಗ ಮುಂದಿನದನ್ನು ಅದರ ಮೇಲೆ ಅರ್ಧ ಇಂಚು ಏರುವಂತೆ ಇಡಿ. ಏರಿದ ಅಂಚನ್ನು ಬೆರಳಿನಿಂದ ಒಳಮಡಚಿ. ಇದರ ಅಡಿಗೆ ಹೋಗುವ ಹಳೆಯ ತುಂಡಿನ ಅಂಚನ್ನು ಹಾಗೇ ಬಿಡಬಹುದು. ನಾಲ್ಕೂ ಮೂಲೆ ಸುತ್ತಿ ಹೊರಟಲ್ಲಿಗೆ ಬಂದಾಗ ಕೊನೆಯ ತುಂಡನ್ನು ಮೊದಲನೆಯದರ ಮೇಲೆ ಮಡಚಿ ಕೂರಿಸಿ.

ಎರಡನೆಯ ಸುತ್ತು ಮೊದಲನೆಯದರಿಂದ ಒಂದು ಬೆರಳಗಲ ಒಳಗೆ. ಹೀಗೇ ಸುತ್ತುತ್ತಾ ಮೊದಲ ಸಾಲಿನ ತುಂಡುಗಳ ಒಳಅಂಚು ಸಿಕ್ಕಾಗ, ಹೊಸ ತುಂಡುಗಳನ್ನು ಅದರ ಮೇಲೆ ಮಡಚಿಟ್ಟು ಮುಚ್ಚಿ. ಏರಿದ ಅಂಚು ಯಾವಾಗಲೂ ಮಡಚಿದ್ದಾಗಿರಬೇಕು. ಈ ಒಂದು ಸೂತ್ರ ನೆನಪಿದ್ದರೆ ಉಳಿದದ್ದು ಕೈಗೆ ತಾನೇ ಬರುತ್ತದೆ.

ಬಣ್ಣದ ಮಾತು. ಪಕ್ಕದ ತುಂಡಿಗೆ ಎದುರಾಗುವ ಬಣ್ಣ ಆರಿಸಿ: ಕಡುಗಪ್ಪಿನ ಪಕ್ಕ ಅರಿಶಿನ, ಹೂವಿನ ಬಟ್ಟೆಯ ಪಕ್ಕ ಪಟ್ಟೆ. ಎಲ್ಲ ತುಂಡುಗಳೂ ಒಂದೇ ಅಳತೆಯಲ್ಲಿರಲೆಂದು ಹಟ ಮಾಡಬೇಡಿ. ಇಳಕಲ್ ಸೆರಗಿನ ಉದ್ದ ಪಟ್ಟಿಯನ್ನು ಪಟ್ಟಿಯಾಗಿಯೇ ಬಳಸಿ, ಚೌಕ ಮಾಡಿ ಕೆಡಿಸಬೇಡಿ. ಸಿದ್ದಿಗಳಲ್ಲಿ ಕ್ರೈಸ್ತರ ಕೌದಿಗಳಲ್ಲಿ ಶಿಲುಬೆ, ಮುಸ್ಲಿಮರ ಕೌದಿಗಳಲ್ಲಿ ಅರ್ಧಚಂದ್ರ ಕಾಣುವುದುಂಟು. ನೀವೂ ನಿಮ್ಮ ಮನೆಯ ಗುರುತೊಂದನ್ನು ಸೇರಿಸಬಹುದು. ಅಪ್ಪನ ಅಂಗಿಯ ಜೇಬನ್ನು ಜೇಬಾಗಿಯೇ ಉಳಿಸಿಕೊಂಡರೂ ಆಯಿತು.

ಹಂತ 6: ದಿನದ ಪಾಲು

ಬೆರಳಗಲ ಅಂತರವಿಟ್ಟರೆ ಈ ಅಳತೆಗೆ ಸುಮಾರು 20 ಸುತ್ತು, ಒಟ್ಟು 120 ಅಡಿಯಷ್ಟು ಹೊಲಿಗೆ. ದಿನಕ್ಕೆ 8 ಅಡಿಯಂತೆ 15 ದಿನದ ಕೆಲಸ. ಮೊದಲ ಸುತ್ತೇ 11 ಅಡಿ, ಹಾಗಾಗಿ ಮೊದಲೆರಡು ದಿನ ಕೆಲಸ ಸಾಗಿದಂತೆಯೇ ಅನಿಸುವುದಿಲ್ಲ. ಅಲ್ಲಿ ಬಿಟ್ಟುಬಿಡಬೇಡಿ. ಒಳಗೆ ಹೋದಂತೆ ಸುತ್ತು ಚಿಕ್ಕದಾಗುತ್ತದೆ, ಕೊನೆಕೊನೆಗೆ ಒಂದೇ ದಿನದಲ್ಲಿ ಎರಡು ಮೂರು ಸುತ್ತು ಮುಗಿಯುತ್ತವೆ.

ಕಿಟಕಿಯ ಬೆಳಕಿನಲ್ಲಿ, ಗೋಡೆಗೆ ಬೆನ್ನು ಕೊಟ್ಟು ಕೂರಿ. ಪ್ರತಿ ಎಳೆ ದಾರ ಮುಗಿದಾಗ ಎದ್ದು ನೀರು ಕುಡಿಯಿರಿ, ದೂರದ ಮರವನ್ನೋ ಮಾಡನ್ನೋ ನೋಡಿ. ಕಣ್ಣಿಗೂ ಕುತ್ತಿಗೆಗೂ ಅದೇ ಔಷಧ. ಜ್ವರ ಮರುಕಳಿಸಿದ ದಿನ ಹೊಲಿಯಬೇಡಿ. ಎಲ್ಲಾದರೂ ಸಿಕ್ಕಿಕೊಂಡರೆ ಊರಲ್ಲಿರುವ ಅವ್ವನಿಗೋ ದೊಡ್ಡಮ್ಮನಿಗೋ ವಿಡಿಯೊ ಕರೆ ಮಾಡಿ, ಕೌದಿಯನ್ನೇ ತೋರಿಸಿ. “ಆರಾಮ ಅದೀಯೇನವಾ” ಎಂಬಲ್ಲಿಗೆ ಮುಗಿಯುತ್ತಿದ್ದ ಮಾತು ಆಗ ಯಾವ ಸೀರೆ, ಯಾರ ಮದುವೆಯದು ಎಂದು ಬೆಳೆಯುತ್ತದೆ.

ಹಂತ 7: ನಡು ಮುಚ್ಚಿ, ಮೂಲೆಗೆ ಹೂವು ಇಡಿ

ನಡುವೆ ಉಳಿದ ಜಾಗಕ್ಕೆ ನಾಲ್ಕೂ ಅಂಚು ಮಡಚಿದ ಒಂದು ತುಂಡು. ನಿಮಗೆ ಬಲು ಇಷ್ಟವಾದ ಬಟ್ಟೆಯನ್ನು ಮೊದಲೇ ಇದಕ್ಕಾಗಿ ತೆಗೆದಿಡಿ. ಅಲ್ಲೇ ಎರಡು ಸಲ ಹೊಲಿಗೆ ಹಾಕಿ ದಾರ ಗಟ್ಟಿಮಾಡಿ, ಕಚ್ಚಾ ಹೊಲಿಗೆ ಬಿಚ್ಚಿ.

ಸಿದ್ದಿ ಕೌದಿಯ ನಾಲ್ಕೂ ಮೂಲೆಯಲ್ಲಿ ತ್ರಿಕೋನವಾಗಿ ಮಡಚಿದ ಬಟ್ಟೆಯ ಹೂವು ಇರುತ್ತದೆ. ಅದಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ. 4 ಇಂಚಿನ ಚೌಕವನ್ನು ಮೂಲೆಯಿಂದ ಮೂಲೆಗೆ ಮಡಚಿ, ಇನ್ನೊಮ್ಮೆ ಮಡಚಿ. ಬಿಡಿ ಅಂಚನ್ನು ಮೂಲೆಯ ಪದರಗಳ ನಡುವೆ ತೂರಿಸಿ, ಚೂಪು ತುದಿ ಹೊರಗಿಣುಕುವಂತೆ ಹೊಲಿಯಿರಿ.

ಸೋಂಕಿನಲ್ಲಿದ್ದಾಗ ಹೊಲಿದದ್ದಾದರೆ, ಬೇರೆಯವರ ಕೈಗೆ ಕೊಡುವ ಮೊದಲು ಸೋಪು ಹಾಕಿದ ನೀರಿನಲ್ಲಿ ಚೆನ್ನಾಗಿ ಒಗೆಯಿರಿ. ಹಿಂಡಿ ತಿರುಚಬೇಡಿ, ನೀರು ಸೋರಲು ಬಿಟ್ಟು, ಹಗ್ಗದ ಮೇಲೆ ಅಗಲವಾಗಿ ಹರಡಿ ಬಿಸಿಲಿಗೆ ಹಾಕಿ. ಒಳಪದರ ಒಣಗಲು ಹೊತ್ತು ಹಿಡಿಯುತ್ತದೆ. ಕೈಯಿಟ್ಟಾಗ ತಂಪು ಇದ್ದರೆ ಮರುದಿನವೂ ಒಂದು ಬಿಸಿಲು ಕಾಣಿಸಿ, ಆಮೇಲೆ ಮಡಚಿಡಿ.