ವಿಂಬಲ್ಡನ್‌ಗೆ ಹೊರಟಿರಾ? ಎರಡು ಮಾತು ಕೇಳಿಸಿಕೊಂಡು ಹೋಗಿ

ಜೂನ್ ಕೊನೆ ಬಂತೆಂದರೆ ಲಂಡನ್ನಿನ ನಮ್ಮ ಮನೆಯಲ್ಲಿ ಹಾಸಿಗೆ ಹೊದಿಕೆ ಸಾಲುವುದಿಲ್ಲ. ಅಕ್ಕನ ಮಗ, ಅವನ ಗೆಳೆಯರು, ಮೈಸೂರಿನ ಓರಗಿತ್ತಿಯ ಸೊಸೆ, ಎಲ್ಲರಿಗೂ ವಿಂಬಲ್ಡನ್ ನೋಡಬೇಕು. ಯಾವ ವರ್ಷ ಯಾರು ಗೆದ್ದರು ಅಂತ ಕೇಳಿದರೆ ನಿದ್ದೆಗಣ್ಣಲ್ಲೂ ಹೇಳುತ್ತಾರೆ. ಮನೆ ಬಿಡುವ ಹೊತ್ತಿಗೆ ಮಾತ್ರ ಫೋನಿನಲ್ಲಿ ಚಾರ್ಜ್ ಇರುವುದಿಲ್ಲ, ರೇನ್‌ಕೋಟು ಬಾಗಿಲ ಹಿಂದೆಯೇ ನೇತಾಡುತ್ತಿರುತ್ತದೆ. ಅವರಿಗೆ ಪ್ರತಿ ವರ್ಷ ಹೇಳುವುದನ್ನೇ ನಿಮಗೂ ಹೇಳುತ್ತೇನೆ.

• ಟಿಕೆಟ್ ಚಿಂತೆಯನ್ನು ಹಿಂದಿನ ವರ್ಷವೇ ಶುರು ಮಾಡಿ. ಸಾರ್ವಜನಿಕರಿಗೆ ಬ್ಯಾಲಟ್ ಅಂತ ಚೀಟಿ ಎತ್ತುವ ವ್ಯವಸ್ಥೆ ಇದೆ. ಗಣೇಶನ ಹಬ್ಬದ ಹೊತ್ತಿಗೇ ಅದರ ದಿನಾಂಕ ವಿಚಾರಿಸಿ. ಹೆಸರು ಬಂದರೂ ದಿನ ಮತ್ತು ಕೋರ್ಟ್ ಅವರು ಕೊಟ್ಟದ್ದೇ ಆಗಿರುತ್ತದೆ, ಆದ್ದರಿಂದ ವಿಮಾನದ ಟಿಕೆಟ್ ಆಮೇಲೆ ಮಾಡಿಸಿ.

• ಇನ್ನೊಬ್ಬರ ಬ್ಯಾಲಟ್ ಟಿಕೆಟನ್ನು ರಸ್ತೆಯಲ್ಲಿ ನಿಂತವರಿಂದ ಕೊಳ್ಳಬೇಡಿ. ಬಾಗಿಲಲ್ಲಿ ತಡೆದರೆ ದುಡ್ಡೂ ಹೋಯಿತು, ದಿನವೂ ಹೋಯಿತು.

• ಬ್ಯಾಲಟ್ ಬರಲಿಲ್ಲ ಅಂತ ಮುಖ ಸಪ್ಪೆ ಮಾಡಿಕೊಳ್ಳಬೇಡಿ, ಕ್ಯೂ ಇದೆ. ಅದೇ ದಿನದ ಟಿಕೆಟನ್ನು ಸರದಿಯಲ್ಲಿ ನಿಂತವರಿಗೆ ಕೊಡುವ ದೊಡ್ಡ ಟೂರ್ನಿಗಳು ಈಗ ಬಹಳ ಕಡಿಮೆ. ಸೆಂಟರ್ ಕೋರ್ಟ್, ನಂಬರ್ ಒನ್, ನಂಬರ್ ಟು, ಒಂದೊಂದಕ್ಕೂ ದಿನಕ್ಕೆ ಸುಮಾರು 500 ಟಿಕೆಟ್ ಕ್ಯೂಗೆಂದೇ ಎತ್ತಿಡುತ್ತಾರೆ. ಸೆಂಟರ್ ಕೋರ್ಟ್‌ಗೆ ಮಾತ್ರ ಕೊನೆಯ ನಾಲ್ಕು ದಿನ ಈ ಸೌಲಭ್ಯವಿಲ್ಲ, ಅದಕ್ಕೆ ಮೊದಲ ವಾರವೇ ಹೋಗಿ.

• ಸೆಂಟರ್ ಕೋರ್ಟೇ ಬೇಕೆಂದರೆ ಹಿಂದಿನ ರಾತ್ರಿ ವಿಂಬಲ್ಡನ್ ಪಾರ್ಕ್‌ನಲ್ಲಿ ಮಲಗಲು ಸಿದ್ಧರಾಗಿ. ಇಬ್ಬರಿಗಾಗುವ ಟೆಂಟ್ ಸಾಕು, ಅದಕ್ಕಿಂತ ದೊಡ್ಡದನ್ನು ಬಿಡುವುದಿಲ್ಲ. ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಬೇಸಿಗೆಯಲ್ಲೂ ನೆಲದ ತಂಡಿ ಬೆನ್ನಿಗೆ ಏರುತ್ತದೆ. ಇನ್ನೊಂದು ಜೊತೆ ಕಾಲುಚೀಲ ಮರೆಯದೆ ಇಟ್ಟುಕೊಳ್ಳಿ. ಬೆಳಗಿನ ಜಾವ ಸ್ಟೀವರ್ಡ್‌ಗಳು ಬಂದು ಟೆಂಟ್ ಬಿಚ್ಚಲು ಎಬ್ಬಿಸುವಾಗ ಹುಲ್ಲಿನ ತುಂಬ ಇಬ್ಬನಿ ಇರುತ್ತದೆ. ನಾಲ್ಕು ಹೆಜ್ಜೆ ಇಡುವುದರೊಳಗೆ ಶೂ ಒದ್ದೆ. ಒದ್ದೆ ಕಾಲಲ್ಲಿ ರಾತ್ರಿ ಒಂಬತ್ತರವರೆಗೆ ಕೂತು ನೋಡಿ, ಮಾರನೆಯ ದಿನ ಮೂಗು ಕಟ್ಟುತ್ತದೆ.

• ಬಂದ ಕೂಡಲೇ ಕೊಡುವ ಕ್ಯೂ ಕಾರ್ಡನ್ನು ಜೋಪಾನ ಮಾಡಿ. ತಾರೀಖು, ನಿಮ್ಮ ಸಂಖ್ಯೆ ಎರಡೂ ಅದರಲ್ಲೇ ಇರುತ್ತದೆ. ಪ್ಯಾಂಟಿನ ಹಿಂದಿನ ಜೇಬಿಗೆ ತುರುಕಬೇಡಿ.

• ಸರದಿ ಬಿಟ್ಟು ಅಲೆಯಬೇಡಿ. ಶೌಚಾಲಯಕ್ಕೋ ಕಾಫಿಗೋ ಬೇಗ ಹೋಗಿ ಬೇಗ ಬನ್ನಿ. ನಮ್ಮ ಹುಡುಗನೊಬ್ಬ ಸ್ನಾನ ಮಾಡಿಕೊಂಡು ಬರುತ್ತೇನೆಂದು ಮನೆಗೆ ಬಂದ. ಹಿಂದಿರುಗುವಷ್ಟರಲ್ಲಿ ಜಾಗ ಹೋಗಿ, ಮತ್ತೆ ಬಾಲದಿಂದ ನಿಂತ. ಪರಿಮಳದ ಸೋಪು ಹಚ್ಚಿ ಬಂದು ಮೂರು ಗಂಟೆ ಬಿಸಿಲಿನಲ್ಲಿ ನಿಂತರೆ ಏನು ಬಂತು?

• ವಿಂಬಲ್ಡನ್‌ನ ಆ್ಯಪ್ ಹಾಕಿಕೊಂಡು ಖಾತೆ ತೆರೆಯುವ ಕೆಲಸ ಮನೆಯಲ್ಲೇ ಮುಗಿಸಿ. ಸಾವಿರಾರು ಜನ ಒಂದೇ ಕಡೆ ಇರುವಾಗ ಸಿಗ್ನಲ್ ಆಮೆ ನಡಿಗೆ. ಪವರ್ ಬ್ಯಾಂಕನ್ನು ಹಿಂದಿನ ರಾತ್ರಿಯೇ ಚಾರ್ಜಿಗೆ ಇಡಿ.

• ರೈಲಿನಲ್ಲಿ ಬರುವವರು ವಿಂಬಲ್ಡನ್ ಅಂತ ಹೆಸರು ನೋಡಿ ಅಲ್ಲಿ ಇಳಿಯಬೇಡಿ. ಡಿಸ್ಟ್ರಿಕ್ಟ್ ಲೈನಿನ ಸೌತ್‌ಫೀಲ್ಡ್ಸ್ ಹತ್ತಿರ. ಅಲ್ಲಿಂದ ಹದಿನೈದು ನಿಮಿಷದ ನಡಿಗೆ, ದಾರಿ ಕೇಳುವುದೂ ಬೇಡ, ಮುಂದಿನವರ ಹಿಂದೆ ನಡೆದರಾಯಿತು.

• ಊಟ ಕಟ್ಟಿಕೊಂಡು ಹೋಗಿ, ಒಳಗೆ ಬಿಡುತ್ತಾರೆ. ಚಪಾತಿಗೆ ಪಲ್ಯ ಸುತ್ತಿಡಿ. ಪುಳಿಯೋಗರೆಯೂ ಸಂಜೆವರೆಗೆ ಕೆಡುವುದಿಲ್ಲ. ಮೊಸರನ್ನ ಬೇಡ, ಬಿಸಿಲಿಗೆ ಹುಳಿಯಾಗುತ್ತದೆ. ನೀರಿನ ಬಾಟಲಿ ಖಾಲಿಯಾದರೆ ನಲ್ಲಿಯಲ್ಲಿ ತುಂಬಿಸಿ, ನೀರಿಗೆ ದುಡ್ಡು ಕೊಡಬೇಡಿ.

• ಉಳಿಸಿದ ದುಡ್ಡಿನಲ್ಲಿ ಸ್ಟ್ರಾಬೆರಿ-ಕ್ರೀಮ್ ತಿನ್ನಿ. 2010ರಿಂದ 2024ರವರೆಗೆ ಎರಡೂವರೆ ಪೌಂಡ್ ಇದ್ದದ್ದು 2025ರಲ್ಲಿ 2.70 ಆಯಿತು, ಅಷ್ಟೇ. ಅಲ್ಲಿ ಕೈಗೆಟಕುವ ತಿಂಡಿ ಇದೊಂದೇ ಅನ್ನಿ. ಕೆಂಟ್ ಸೀಮೆಯ ತೋಟದಿಂದ ಬರುವ ಹಣ್ಣು. ಮಧ್ಯಾಹ್ನದ ಬಿಸಿಲಿಗೆ ಕೈಯಲ್ಲಿ ಹಿಡಿದು ತಿರುಗಬೇಡಿ, ಕೂತು ಆಗಲೇ ತಿಂದುಬಿಡಿ.

• ಛತ್ರಿಗಿಂತ ರೇನ್‌ಕೋಟು ಇಟ್ಟುಕೊಳ್ಳಿ. ಸೆಂಟರ್ ಕೋರ್ಟ್‌ಗೆ 2009ರಲ್ಲಿ, ನಂಬರ್ ಒನ್‌ಗೆ 2019ರಲ್ಲಿ ಮುಚ್ಚುವ ಚಾವಣಿ ಬಂತು. ಉಳಿದ ಕಡೆ ಆಕಾಶವೇ ಚಾವಣಿ. ಅಗಲದ ಟೋಪಿಯೂ ಬೇಡ, ಹಿಂದೆ ಕೂತವರು ನಿಮ್ಮ ಟೋಪಿ ನೋಡಲು ಬಂದಿರುವುದಿಲ್ಲ.

ಈಗ ನನಗೆ ತುಂಬ ಮುಖ್ಯವಾದ ಮಾತಿಗೆ ಬರುತ್ತೇನೆ. ಸೆಂಟರ್ ಕೋರ್ಟ್ ನೋಡಿದರೆ ಮಾತ್ರ ವಿಂಬಲ್ಡನ್ ನೋಡಿದಂತೆ ಅಂದುಕೊಂಡು ಬಹಳ ಜನ ನಿರಾಸೆಯಿಂದ ಮನೆಗೆ ಹೋಗುತ್ತಾರೆ. ಗ್ರೌಂಡ್ಸ್ ಪಾಸ್ ತೆಗೆದುಕೊಂಡು ಹೊರಗಿನ ಚಿಕ್ಕ ಕೋರ್ಟ್‌ಗಳಿಗೆ ಹೋಗಿ ನೋಡಿ. ಅಷ್ಟು ಹತ್ತಿರದಿಂದ ಆಟಗಾರರ ಉಸಿರು ಕೇಳುವ ಭಾಗ್ಯ ದುಬಾರಿ ಸೀಟಿನಲ್ಲಿ ಇಲ್ಲ.

• ಹೊರಗಿನ ಕೋರ್ಟ್‌ಗಳಲ್ಲಿ ಆಟ ಬೆಳಿಗ್ಗೆ ಹನ್ನೊಂದಕ್ಕೇ ಶುರು. ಸೆಂಟರ್ ಕೋರ್ಟ್‌ನಲ್ಲಿ ಒಂದೂವರೆಗೆ. ಬಾಗಿಲು ತೆರೆಯುವುದು ಹತ್ತಕ್ಕೆ, ಆ ಒಂದು ಗಂಟೆಯನ್ನು ಫೋಟೋ ತೆಗೆಯುವುದರಲ್ಲಿ ಕಳೆಯದೆ ಮೊದಲು ಜಾಗ ಹಿಡಿಯಿರಿ.

• ಹುಲ್ಲನ್ನು ಬಗ್ಗಿ ನೋಡಿ. ಎಂಟು ಮಿಲಿಮೀಟರಿಗೆ ಕತ್ತರಿಸಿರುತ್ತಾರೆ, ಹೆಚ್ಚುಕಡಿಮೆ ಒಂದು ಬಾಸುಮತಿ ಅಕ್ಕಿಕಾಳಿನ ಉದ್ದ. 2001ರಿಂದ ಇಲ್ಲಿ ಪೂರ್ತಿ ರೈ ಹುಲ್ಲೇ. ಮೊದಲ ದಿನಗಳಲ್ಲಿ ಅದರಲ್ಲಿ ತೇವ ಇರುವುದರಿಂದ ಆಟಗಾರರು ಜಾರುತ್ತಾರೆ. ಎರಡನೇ ವಾರಕ್ಕೆ ಬೇಸ್‌ಲೈನ್ ಹತ್ತಿರ ಸವೆದು ಕಣದ ನೆಲದ ಹಾಗೆ ಕಂದಾಗುತ್ತದೆ. ಚೆಂಡು ಅಲ್ಲಿ ಬಿದ್ದಾಗ ಹೇಗೆ ಏಳುತ್ತದೆ, ಹಸಿರಿನ ಮೇಲೆ ಬಿದ್ದಾಗ ಹೇಗೆ ಏಳುತ್ತದೆ ಅಂತ ಗಮನಿಸಿ, ಆಟದ ಅರ್ಧ ಗುಟ್ಟು ತಿಳಿಯುತ್ತದೆ.

• ಡಬಲ್ಸ್ ಬಿಡಬೇಡಿ. ನಮ್ಮವರು ಇಲ್ಲಿ ಹೆಸರು ಮಾಡಿದ್ದೇ ಜೋಡಿಯಾಟದಲ್ಲಿ. 1999ರಲ್ಲಿ ಭೂಪತಿ-ಪೇಸ್ ಪುರುಷರ ಡಬಲ್ಸ್ ಗೆದ್ದರು. 2015ರಲ್ಲಿ ಸಾನಿಯಾ ಮಿರ್ಜಾ, ಹಿಂಗಿಸ್ ಜೊತೆ ಗೆದ್ದಳು. ನಮ್ಮ ಕೊಡಗಿನ ರೋಹನ್ ಬೋಪಣ್ಣ ಇಲ್ಲಿ ಮೂರು ಸಲ ಸೆಮಿಫೈನಲ್ ಆಡಿದ, ಮೂರನೆಯದು 2023ರಲ್ಲಿ, ತನ್ನ 43ನೇ ವಯಸ್ಸಿನಲ್ಲಿ. ಡಬಲ್ಸ್ ನೋಡುವಾಗ ಸರ್ವ್ ಮಾಡುವವರ ಹಿಂದಿನ ಕಡೆ ಕೂತುಕೊಳ್ಳಿ. ನೆಟ್ ಹತ್ತಿರ ಬಗ್ಗಿ ನಿಂತ ಜೊತೆಗಾರ ಬೆನ್ನ ಹಿಂದೆ ಕೈ ತಂದು ಬೆರಳು ಮಡಚಿ, ಬಿಡಿಸಿ ಸನ್ನೆ ಮಾಡುತ್ತಾನೆ. ಎದುರಾಳಿಗೆ ಕಾಣದ್ದು ನಿಮಗೆ ಕಾಣುತ್ತದೆ. ಮುಂದಿನ ಕ್ಷಣ ಅವನು ಅಡ್ಡ ಹಾರಿ ಚೆಂಡು ಹೊಡೆದಾಗ ನಿಮಗೆ ಮೊದಲೇ ಗೊತ್ತಿತ್ತಲ್ಲ ಅನ್ನುವ ಖುಷಿ!

• ಆಟದ ನಡುವೆ ಎದ್ದು ಹೋಗಬೇಡಿ. ಹದಿನೆಂಟನೇ ಕೋರ್ಟ್‌ನಲ್ಲಿ 2010ರ ಜೂನ್‌ನಲ್ಲಿ ಇಸ್ನರ್ ಮತ್ತು ಮಾಹೂ ಮೂರು ದಿನ ಆಡಿದರು, ಒಟ್ಟು 11 ಗಂಟೆ 5 ನಿಮಿಷ, ಕೊನೆಯ ಸೆಟ್ 70-68. ಅಲ್ಲಿ ಅದರ ಫಲಕ ಇದೆ, ನಿಂತು ಓದಿ ಬನ್ನಿ. ಈಗ ಕೊನೆಯ ಸೆಟ್ಟಿನಲ್ಲಿ 6-6 ಆದರೆ ಹತ್ತು ಪಾಯಿಂಟ್‌ಗಳ ಟೈಬ್ರೇಕ್ ಇರುವುದರಿಂದ ಅಷ್ಟು ಎಳೆಯುವುದಿಲ್ಲ. ಆದರೂ ಎದ್ದು ಹೋದವರಿಗೆ ಒಳಗೆ ಬರಲು ಆಟಗಾರರು ಬದಿ ಬದಲಿಸುವವರೆಗೆ ಕಾಯಬೇಕಾಗುತ್ತದೆ, ಅಷ್ಟರಲ್ಲಿ ನಿಮ್ಮ ಜಾಗದಲ್ಲಿ ಬೇರೆಯವರು ಕೂತಿರುತ್ತಾರೆ.

• ಡಬಲ್ ಫಾಲ್ಟ್ ಆದರೆ ಚಪ್ಪಾಳೆ ತಟ್ಟಬೇಡಿ. ನೀವು ಯಾರ ಪಕ್ಷವೇ ಆಗಿರಿ, ಸೋಲುತ್ತಿರುವ ಹುಡುಗಿಯ ಅಮ್ಮ ನಿಮ್ಮ ಮುಂದಿನ ಸಾಲಿನಲ್ಲೇ ಕೂತಿರಬಹುದು. ಹೊರಗಿನ ಕೋರ್ಟ್‌ಗಳಲ್ಲಿ ನಾನು ಅಂಥ ಅಮ್ಮಂದಿರ ಪಕ್ಕ ಕೂತಿದ್ದೇನೆ. ಮಡಿಲಲ್ಲಿ ಕೈ ಹೊಸೆಯುತ್ತಿರುತ್ತಾರೆ.

• ಸಂಜೆ ಐದಕ್ಕೇ ದಣಿವಾಯಿತೆಂದು ಹೊರಡಬೇಡಿ. ಬೇಗ ಮನೆಗೆ ಹೋದವರ ದೊಡ್ಡ ಕೋರ್ಟ್ ಟಿಕೆಟ್‌ಗಳನ್ನು ಕಡಿಮೆ ದುಡ್ಡಿಗೆ ಮತ್ತೆ ಮಾರುತ್ತಾರೆ, ಆ ಹಣ ದಾನಕ್ಕೆ ಹೋಗುತ್ತದೆ. ಆ ಸರದಿಯನ್ನು ಆ್ಯಪ್‌ನಲ್ಲೇ ಸೇರಬಹುದು. ಬೆಳಿಗ್ಗೆ ಸಿಗದ ಸೆಂಟರ್ ಕೋರ್ಟ್ ಸಂಜೆ ಸಿಕ್ಕೀತು. ನೀವೇ ಬೇಗ ಹೊರಡುವುದಾದರೆ ನಿಮ್ಮ ಟಿಕೆಟನ್ನು ಮರಳಿಸಿ ಹೋಗಿ, ಖಾಲಿ ಸೀಟು ಯಾರಿಗೂ ಉಪಯೋಗವಿಲ್ಲ. ಒಂದು ಶಾಲು ಚೀಲದಲ್ಲಿರಲಿ, ಒಂಬತ್ತರವರೆಗೆ ಬೆಳಕಿದ್ದರೂ ಏಳಕ್ಕೇ ಚಳಿಗಾಳಿ ಏಳುತ್ತದೆ.

• ಊರಿನಲ್ಲಿ ಟಿವಿ ಮುಂದೆ ಕೂರುವವರು ಲೆಕ್ಕ ನೆನಪಿಡಿ. ಹೊರಗಿನ ಕೋರ್ಟ್‌ಗಳ ಆಟ ನಿಮಗೆ ಮಧ್ಯಾಹ್ನ ಮೂರೂವರೆಗೆ, ಸೆಂಟರ್ ಕೋರ್ಟ್ ಸಂಜೆ ಆರಕ್ಕೆ. 2025ರಿಂದ ಸಿಂಗಲ್ಸ್ ಫೈನಲ್ ರಾತ್ರಿ ಎಂಟೂವರೆಗೆ ಶುರುವಾಗುತ್ತದೆ, ಅಡುಗೆಮನೆ ಕೆಲಸ ಎಂಟಕ್ಕೇ ಮುಗಿಸಿ. ಮೊಬೈಲಿನಲ್ಲಿ ನೋಡುವವರು ಸ್ಕೋರಿನ ನೋಟಿಫಿಕೇಶನ್ ಮುಚ್ಚಿಡಿ. ಚಿತ್ರ ತಡವಾಗಿ ಬರುತ್ತದೆ, ಸಂದೇಶ ಮೊದಲೇ ಬಂದು ಮ್ಯಾಚ್ ಪಾಯಿಂಟಿನ ಸ್ವಾರಸ್ಯ ಕೆಡಿಸುತ್ತದೆ.

• ಮಕ್ಕಳಿಗೆ ಏನಾದರೂ ಒಯ್ಯಬೇಕೆಂದರೆ ದುಬಾರಿ ಟವೆಲ್ ಕೊಳ್ಳಬೇಡಿ. ಆಡಿದ ಚೆಂಡುಗಳನ್ನು ಅಲ್ಲೇ ಮಾರುತ್ತಾರೆ, ಆ ಹಣವೂ ಒಳ್ಳೆಯ ಕೆಲಸಕ್ಕೇ. ನಯವಾದ ಹಳದಿ ಜೂಲಿನ ಮೇಲೆ ಅಲ್ಲಲ್ಲಿ ಹುಲ್ಲಿನ ಹಸಿರು ಕಲೆ ಇರುತ್ತದೆ. ಊರಿಗೆ ಬಂದ ಮೇಲೆ ಅಭ್ಯಾಸಬಲದಿಂದ ಅದನ್ನು ಸೋಪು ಹಾಕಿ ತೊಳೆದುಬಿಡಬೇಡಿ.