ಹತ್ತು ಸಾವಿರ ಜೀನೋಮಿಗೆ ಕೈ ಹಾಕುವವರಿಗೆ

ಬಾಪೂಜಿ ನಗರದಿಂದ ನಡೆದು ಬಂದು ದೀಪಾಂಜಲಿ ನಗರದಲ್ಲಿ ಮೆಟ್ರೋ ಹತ್ತಿ, ಜ್ಞಾನಭಾರತಿಗೆ ಎಂ.ಎಸ್ಸಿ. ಓದಲು ಹೋಗುವವರೇ, ನಾಳೆ ಮೆಜೆಸ್ಟಿಕ್‌ನಲ್ಲಿ ಗಾಡಿ ಬದಲಿಸಿ ಐಐಎಸ್‌ಸಿ ಕಡೆ ಹೊರಡುವವರೂ ನೀವೇ. ಅಲ್ಲಿನ ಮಿದುಳು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ 20 ಸಂಸ್ಥೆಗಳು 2020ರಲ್ಲಿ ಶುರುಮಾಡಿದ ಜೀನೋಮ್ ಇಂಡಿಯಾ, 10,000 ಭಾರತೀಯರ ಪೂರ್ತಿ ಜೀನೋಮ್ ಓದಿ ಮುಗಿಸಿದೆ. 2025ರ ಜನವರಿಯಲ್ಲಿ ಆ ದತ್ತಾಂಶ ಸಂಶೋಧಕರಿಗೆ ತೆರೆಯಿತು. ಇಂಥ ಕೆಲಸ ಕೆಡುವುದು ಹೆಚ್ಚಾಗಿ ಸ್ಯಾಂಪಲ್ ಜೀನೋಮ್ ಓದುವ ಯಂತ್ರಕ್ಕೆ ಹೋಗುವ ಮೊದಲೇ.

1. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲೇ ರಕ್ತ ತೆಗೆಸಿ. ಹಸಿರು ಮುಚ್ಚಳದ ಹೆಪಾರಿನ್ ಪಿಸಿಆರ್‌ಗೆ ಅಡ್ಡಗಾಲು. ಟ್ಯೂಬನ್ನು ಮೆಲ್ಲಗೆ ಮೇಲೆ ಕೆಳಗೆ ಮಾಡಿ, ಕುಲುಕಬೇಡಿ.

2. ಬಾರ್‌ಕೋಡನ್ನು ರಕ್ತ ಕೊಟ್ಟವರ ಎದುರಿಗೇ ಅಂಟಿಸಿ. ‘ಸಂಜೆ ಕೂತು ಅಂಟಿಸಿದರಾಯ್ತು’ ಅನ್ನುವವರನ್ನು ಆ ಮೇಜಿನ ಹತ್ತಿರ ಬಿಡಬೇಡಿ.

3. ನ್ಯಾನೊಡ್ರಾಪ್‌ನಲ್ಲಿ 260/280 ಅನುಪಾತ 1.8ರ ಆಸುಪಾಸು ಬಂದರೆ ಪ್ರೋಟೀನ್ ಕಲಬೆರಕೆ ಇಲ್ಲ ಎಂದಷ್ಟೇ ಅರ್ಥ. ಆರ್‌ಎನ್‌ಎಯನ್ನೂ ಅದು ಡಿಎನ್‌ಎ ಲೆಕ್ಕಕ್ಕೇ ಸೇರಿಸುತ್ತದೆ. ಪ್ರಮಾಣ ತಿಳಿಯಲು ಕ್ಯೂಬಿಟ್ ಹಿಡಿಯಿರಿ.

4. 96 ವೆಲ್ ಪ್ಲೇಟನ್ನು ತಿರುಗುಮುರುಗಾಗಿ ಇಟ್ಟರೆ ಎ1ರ ಜಾಗಕ್ಕೆ ಎಚ್12 ಬಂದು ಕೂರುತ್ತದೆ. ಎಲ್ಲರ ಗುರುತೂ ಅದಲುಬದಲು, ಯಂತ್ರ ಮಾತ್ರ ಚಕಾರ ಎತ್ತದು. ಅದಕ್ಕೇ ಪ್ರತಿ ಪ್ಲೇಟಿನಲ್ಲೂ ಬೇರೆಬೇರೆ ವೆಲ್‌ನಲ್ಲಿ ಬರೀ ನೀರು ಹಾಕಿಡಿ. ನೀರಿನಲ್ಲಿ ಡಿಎನ್‌ಎ ಕಂಡರೆ ಎಲ್ಲೋ ಎಡವಟ್ಟಾಗಿದೆ. ದಾಖಲೆಯಲ್ಲಿ ‘ಹೆಣ್ಣು’ ಎಂದಿದ್ದು ವೈ ವರ್ಣತಂತು ಸಿಕ್ಕರೆ ಆ ಒಂದು ಸ್ಯಾಂಪಲ್ ಬಿಟ್ಟುಬಿಡುವುದಲ್ಲ, ಇಡೀ ಪ್ಲೇಟನ್ನು ತಾಳೆ ನೋಡಿ.

5. ಒಂದೇ ಸಮುದಾಯದವರನ್ನೆಲ್ಲ ಒಂದೇ ಪ್ಲೇಟಿಗೆ ತುಂಬಬೇಡಿ. ಆ ದಿನದ ರಾಸಾಯನಿಕದ ಏರುಪೇರು ಜನಾಂಗದ ಲಕ್ಷಣದಂತೆ ಕಂಡೀತು!

6. ಒಂದೊಂದು ಅಕ್ಷರವನ್ನೂ ಸರಾಸರಿ 30 ಸಲ ಓದಿಸಿ. ಜೋಡಿ ವರ್ಣತಂತುಗಳಲ್ಲಿ ಒಂದರಲ್ಲಷ್ಟೇ ಬದಲಾವಣೆ ಇದ್ದರೆ ನಾಲ್ಕೈದು ಸಲದ ಓದಿಗೆ ತಪ್ಪಿಹೋಗಬಹುದು.

7. ಊರು, ಮನೆಮಾತು, ಸಮುದಾಯ, ಸಂಬಂಧ ಕೇಳಿ ಬರೆದುಕೊಳ್ಳಿ. ಸೋದರಮಾವನನ್ನೋ ಅತ್ತೆಮಗನನ್ನೋ ಮದುವೆಯಾಗುವುದು ನಮ್ಮ ಕಡೆ ಇದ್ದದ್ದೇ. ಅಂಥ ಮನೆಗಳಲ್ಲಿ ಒಂದೇ ರೂಪಾಂತರ ತಂದೆ ತಾಯಿ ಇಬ್ಬರಿಂದಲೂ ಬರುವ ಸಂಭವ ಹೆಚ್ಚು. ಸಮುದಾಯವೂ ಮುಖ್ಯ: ವೈಶ್ಯ ಸಮುದಾಯದಲ್ಲಿ ಬ್ಯುಟೈರಿಲ್‌ಕೋಲಿನೆಸ್ಟರೇಸ್ ಕಿಣ್ವದ ಕೊರತೆ ಹೆಚ್ಚಾಗಿ ಕಾಣುವುದು ಗೊತ್ತಿರುವ ಸಂಗತಿ. ಕೊರತೆ ಇದ್ದವರಿಗೆ ಅರಿವಳಿಕೆ ಜೊತೆ ಸಕ್ಸಿನೈಲ್‌ಕೋಲಿನ್ ಕೊಟ್ಟರೆ ಉಸಿರಾಟದ ಸ್ನಾಯುಗಳು ಬಹಳ ಹೊತ್ತು ಚೇತರಿಸಿಕೊಳ್ಳವು. ಆಪರೇಷನ್‌ಗೆ ಮೊದಲೇ ತಿಳಿದರೆ ವೈದ್ಯರು ಬೇರೆ ಔಷಧಿ ಬಳಸುತ್ತಾರೆ.